ಟ್ರೇಯಲ್ಲಿ ನಿಂತುಹೋದ ಹೂಕೋಸಿನ ಸಸಿಗಳು: ದೋಷ ಪತ್ತೆ ಮತ್ತು ಹೊಸ ಮಣ್ಣಿಗೆ ವರ್ಗಾವಣೆ

ಹೂಕೋಸಿನ ಬೀಜವನ್ನು ಪ್ರೋಟ್ರೇಗೆ, ಅಂದರೆ ಸಾಲಾಗಿ ಗುಳಿಗಳಿರುವ ಸಸಿ ತಟ್ಟೆಗೆ, ಹಾಕಿ 20 ದಿನ ಕಳೆದಿವೆ. ಒಂದು ಟ್ರೇಯಲ್ಲಿ ಸಸಿಗಳು ಮೂರನೆಯ ನಿಜ ಎಲೆಯನ್ನು (ಬೀಜದೆಲೆಗಳ ನಂತರ ಬರುವ ಎಲೆ) ಬಿಚ್ಚುತ್ತಿವೆ. ಅದೇ ಪೊಟ್ಟಣದ, ಅದೇ ದಿನ ಹಾಕಿದ ಬೀಜದಿಂದ ಬಂದ ಪಕ್ಕದ ಟ್ರೇಯ ಸಸಿಗಳು ಮಾತ್ರ ಮೊದಲ ನಿಜ ಎಲೆಗೇ ನಿಂತಿವೆ. ಆ ಎಲೆಯೂ ಕಿರುಬೆರಳಿನ ಉಗುರಿಗಿಂತ ದೊಡ್ಡದಾಗಿಲ್ಲ, ಬಣ್ಣ ಮಂಕಾಗಿದೆ, ಕಾಂಡ ತೆಳುವಾಗಿ ನೇರಳೆ ಛಾಯೆಗೆ ತಿರುಗಿದೆ. ಸಸಿಗಳು ಸಾಯುತ್ತಲೂ ಇಲ್ಲ, ಬೆಳೆಯುತ್ತಲೂ ಇಲ್ಲ. ಈ ಬರಹ ಇಂಥ ಟ್ರೇಯನ್ನು ಎದುರಿಗಿಟ್ಟುಕೊಂಡಿರುವವರಿಗಾಗಿ, ಅಂದರೆ ಸಸಿಯನ್ನು ಕಿತ್ತು ಒಳ್ಳೆಯ ಮಣ್ಣಿಗೆ ಹಾಕಿದರೆ ಉಳಿದೀತೇ ಎಂದು ಯೋಚಿಸುತ್ತಿರುವವರಿಗಾಗಿ. ಉಳಿಯುತ್ತದೆ, ಆದರೆ ಎಲ್ಲ ಸಂದರ್ಭದಲ್ಲೂ ಅಲ್ಲ, ಎಲ್ಲ ವಯಸ್ಸಿನಲ್ಲೂ ಅಲ್ಲ. ಮಣ್ಣು ಬದಲಿಸುವುದೇ ತಪ್ಪಾಗುವ ಸಂದರ್ಭಗಳೂ ಇವೆ.

ಹೂಕೋಸಿನಲ್ಲಿ ಆತುರ ಏಕೆ

ಟೊಮೆಟೊ, ಬದನೆ, ಮೆಣಸಿನ ಸಸಿ ಹದಿನೈದು ದಿನ ಮುರುಟಿಕೊಂಡು ಕೂತರೂ ಮುಂದೆ ಸುಧಾರಿಸಿಕೊಳ್ಳುತ್ತದೆ. ಅದಕ್ಕೆ ಕವಲೊಡೆಯುವ ಗುಣವಿದೆ, ಹೂವು ಮತ್ತೆ ಮತ್ತೆ ಬರುತ್ತದೆ. ಕಳೆದುಹೋದ ದಿನಗಳಿಗೆ ಪ್ರತಿಯಾಗಿ ಕೊಯ್ಲು ತಡವಾಗುತ್ತದೆ, ಅಷ್ಟೇ. ಎಲೆಕೋಸಿನಲ್ಲಿ ನಾವು ತಿನ್ನುವುದೇ ಎಲೆಯಾದ್ದರಿಂದ ಅಲ್ಲಿಯೂ ಸ್ವಲ್ಪ ಸಡಿಲಿಕೆ ಇದೆ. ಹೂಕೋಸು ಹಾಗಲ್ಲ. ಒಂದು ಗಿಡಕ್ಕೆ ಒಂದೇ ಗಡ್ಡೆ (ನಾವು ತಿನ್ನುವ ಬಿಳಿ ಹೂ), ಅದು ಗಿಡದ ನಡುತುದಿಯಲ್ಲಿ ಒಂದೇ ಬಾರಿ ಕಟ್ಟುತ್ತದೆ, ಮತ್ತು ಯಾವಾಗ ಕಟ್ಟಬೇಕೆಂಬುದನ್ನು ತಳಿಯ ಸ್ವಭಾವವೂ ಹವೆಯ ತಾಪಮಾನವೂ ಸೇರಿ ತೀರ್ಮಾನಿಸುತ್ತವೆ. ಗಿಡ ದೊಡ್ಡದಾಗಿದೆಯೋ ಇಲ್ಲವೋ ಎಂದು ಅದು ಕಾಯುವುದಿಲ್ಲ.

ಪೂಸಾ ಮೇಘನಾ, ಪೂಸಾ ದೀಪಾಲಿಯಂಥ ಬೇಗ ಬರುವ ತಳಿಗಳು 20ರಿಂದ 27 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ಹವೆಯಲ್ಲೇ ಗಡ್ಡೆ ಕಟ್ಟಲು ತೊಡಗುತ್ತವೆ. ಪೂಸಾ ಸ್ನೋಬಾಲ್ ಕೆ-1ರಂಥ ತಡವಾದ ತಳಿಗೆ 10ರಿಂದ 16 ಡಿಗ್ರಿಯ ಚಳಿ ಬೇಕು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಚ್ಚಗಿನ ತಿಂಗಳುಗಳಲ್ಲಿ ನಾಟಿಯಾಗುವುದು ಬೇಗ ಬರುವ ತಳಿಗಳೇ. ಇವುಗಳ ಬಾಲ್ಯ ಚಿಕ್ಕದು. ಆ ಚಿಕ್ಕ ಅವಧಿಯಲ್ಲಿ ಸಸಿ ಟ್ರೇಯಲ್ಲೇ ನಿಂತುಬಿಟ್ಟರೆ, ಮುಂದೆ ಹೊಲಕ್ಕೆ ಹೋದಾಗ ಆರೇಳು ಸಣ್ಣ ಎಲೆಗಳ ನಡುವೆ ಅಂಗಿಯ ಗುಂಡಿಯಷ್ಟು ಗಡ್ಡೆ ಮೂಡುತ್ತದೆ, ಅದನ್ನು ಸಾಕುವಷ್ಟು ಎಲೆಯ ಹರವು ಗಿಡಕ್ಕೆ ಇರುವುದಿಲ್ಲ, ಗಡ್ಡೆ ಅಲ್ಲಿಗೇ ನಿಂತು ಹಳದಿಯಾಗಿ ಬಿಚ್ಚಿಕೊಳ್ಳುತ್ತದೆ. ತೋಟಗಾರಿಕೆಯವರು ಇದನ್ನು ಬಟನಿಂಗ್ ಎನ್ನುತ್ತಾರೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಗುಂಡಿ ಗಡ್ಡೆಯಾಗುವುದಿಲ್ಲ. ಆದ್ದರಿಂದ ಹೂಕೋಸಿನ ಸಸಿಯ ಚಿಕಿತ್ಸೆ ಏನಿದ್ದರೂ ಗಡ್ಡೆಯ ಮೊಳಕೆ ಮೂಡುವ ಮುನ್ನ ಆಗಬೇಕು.

ಮೊದಲು ಟ್ರೇಯನ್ನು ದೂರದಿಂದ ನೋಡಿ

ಒಂದು ಸಸಿಯನ್ನು ಕೈಗೆತ್ತಿಕೊಳ್ಳುವ ಮುಂಚೆ ಇಡೀ ಟ್ರೇಯಲ್ಲಿ ಕುಂಠಿತ ಸಸಿಗಳು ಎಲ್ಲೆಲ್ಲಿ ಇವೆ ಎಂದು ನೋಡುವುದು ಅರ್ಧ ಪತ್ತೆಗೆ ಸಮ. 98 ಗುಳಿಗಳ ಟ್ರೇಯಲ್ಲಿ ಎಲ್ಲ ಸಸಿಗಳೂ ಒಂದೇ ಸಮನೆ ಕುಳ್ಳಾಗಿದ್ದರೆ ಕಾರಣ ಎಲ್ಲಕ್ಕೂ ಸಾಮಾನ್ಯವಾದದ್ದು: ತುಂಬಿದ ಮಿಶ್ರಣ, ಹಾಕುವ ನೀರು, ಇಟ್ಟಿರುವ ಜಾಗ. ಅಂಚಿನ ಸಾಲುಗಳು ಮಾತ್ರ ಸೊರಗಿ ನಡುವಿನವು ಚೆನ್ನಾಗಿದ್ದರೆ ಬಿಸಿಲು ಗಾಳಿಗೆ ಅಂಚಿನ ಗುಳಿಗಳು ಬೇಗ ಒಣಗುತ್ತಿವೆ ಎಂದು ಅರ್ಥ. ಇದಕ್ಕೆ ಮಣ್ಣು ಬದಲಿಸುವುದು ಬೇಕಿಲ್ಲ, ಝರಿ ಕ್ಯಾನನ್ನು ಅಂಚಿನ ಮೇಲೆ ಇನ್ನೊಂದು ಸುತ್ತು ಆಡಿಸಿದರೆ ಸಾಕು. ಅಲ್ಲಲ್ಲಿ ತೇಪೆ ಹಾಕಿದಂತೆ ಏಳೆಂಟು ಗುಳಿಗಳು ಒಟ್ಟಾಗಿ ಹಿಂದೆ ಬಿದ್ದು, ಆ ತೇಪೆ ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ ರೋಗವನ್ನೋ ಹುಳುವನ್ನೋ ಹುಡುಕಬೇಕು. ಯಾವ ಕ್ರಮವೂ ಇಲ್ಲದೆ ಅಲ್ಲೊಂದು ಇಲ್ಲೊಂದು ಕುಳ್ಳು ಸಸಿ ಇದ್ದರೆ ಅದು ಬೀಜದ ಗುಣ, ಇಲ್ಲವೇ ಆ ಗುಳಿಯಲ್ಲಿ ಬೀಜ ಆಳಕ್ಕೆ ಬಿದ್ದದ್ದು; ಅವನ್ನು ಕಿತ್ತೆಸೆದು ಮುಂದೆ ಹೋಗುವುದೇ ಲೇಸು.

ಈಚೆಗೆ ನನ್ನಲ್ಲೇ ಹೀಗಾಯಿತು. ನಾಲ್ಕು ಟ್ರೇಗಳಲ್ಲಿ ಎರಡು ಚೆನ್ನಾಗಿದ್ದವು, ಎರಡು ಪೂರ್ತಿಯಾಗಿ ನಿಂತಿದ್ದವು. ನೋಡಿದ ನೆರೆಯವರು ತಡಮಾಡದೆ ಹೇಳಿದ್ದು ಒಂದೇ ಮಾತು: “ಒಂದ್ ಚಿಟಿಕೆ ಯೂರಿಯಾ ನೀರಿಗೆ ಕಲಸಿ ಹಾಕಿ ಸಾರ್, ನಾಳಿದ್ದೇ ಏಳುತ್ತೆ.” ಸಸಿ ಹಸಿದಿದ್ದರೆ ಅವರ ಮಾತು ನಿಜವಾಗುತ್ತಿತ್ತು. ಆದರೆ ಆ ಎರಡು ಟ್ರೇಗಳಿಗೆ ಬೇರೆ ಅಂಗಡಿಯಿಂದ ತಂದ ಕೋಕೋಪಿಟ್ (ತೆಂಗಿನ ಸಿಪ್ಪೆಯ ಪುಡಿ) ಇಟ್ಟಿಗೆಯನ್ನು, ಅದರಲ್ಲಿರುವ ಉಪ್ಪು ಹೋಗುವಂತೆ ತೊಳೆಯದೆ, ತುಂಬಿದ್ದೆ ಎಂಬುದು ಆಗ ನೆನಪಾಯಿತು. ಯೂರಿಯಾ ಹಾಕಿದ್ದರೆ ಇದ್ದ ಉಪ್ಪಿನ ಮೇಲೆ ಇನ್ನಷ್ಟು ಉಪ್ಪು ಸುರಿದಂತಾಗುತ್ತಿತ್ತು.

ಬೇರು ಹೇಳುವುದನ್ನು ಎಲೆ ಹೇಳುವುದಿಲ್ಲ

ಎಲೆಯ ಬಣ್ಣ ನೋಡಿ ರೋಗ ಹೇಳುವ ಪಟ್ಟಿಗಳು ಬಹಳ ಇವೆ. ಹಳೆಯ ಎಲೆ ಹಳದಿಯಾದರೆ ಸಾರಜನಕ ಕಡಿಮೆ, ಹೊಸ ಎಲೆಯ ನರಗಳ ನಡುವೆ ಹಳದಿಯಾದರೆ ಕಬ್ಬಿಣ ಕಡಿಮೆ, ನೇರಳೆಯಾದರೆ ರಂಜಕ ಕಡಿಮೆ ಎಂದು ಅವು ಹೇಳುತ್ತವೆ. ತಪ್ಪಲ್ಲ. ಆದರೆ ಎಳೆ ಸಸಿಯಲ್ಲಿ ಬೇರು ಕೆಲಸ ನಿಲ್ಲಿಸಿದರೆ ಇವೆಲ್ಲ ಲಕ್ಷಣಗಳೂ ಒಟ್ಟಿಗೆ ಬರಬಹುದು. ಹೂಕೋಸಿನ ಕಾಂಡ ನೇರಳೆಯಾಗಲು ಒಂದೆರಡು ಚಳಿ ರಾತ್ರಿಗಳೇ ಸಾಕು, ಮಣ್ಣಿನಲ್ಲಿ ರಂಜಕ ಬೇಕಾದಷ್ಟಿದ್ದರೂ ಅಷ್ಟೇ. ಆದ್ದರಿಂದ ಎರಡು ಮೂರು ಸಸಿಗಳನ್ನು ಬಲಿಕೊಟ್ಟಾದರೂ ಬೇರನ್ನು ನೋಡಬೇಕು.

ಗುಳಿ ಸಾಧಾರಣ ತೇವವಿರುವಾಗ ಕೆಳಗಿನ ತೂತಿನಿಂದ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ಒತ್ತಿ, ಕಾಂಡ ಹಿಡಿಯದೆ ಬೀಜದೆಲೆಯನ್ನು (ಮೊಳೆತಾಗ ಮೊದಲು ಬರುವ ಜೋಡಿ ಎಲೆ) ಹಿಡಿದು ಎತ್ತಿ. ಮೂರು ವಾರದ ಆರೋಗ್ಯದ ಸಸಿಯ ಬೇರು ಮಿಶ್ರಣವನ್ನು ಬಲೆಯಂತೆ ಹೆಣೆದು, ಗುಳಿಯ ಆಕಾರದ ಹೆಂಟೆಯಾಗಿಯೇ ಹೊರಗೆ ಬರುತ್ತದೆ. ಬೇರು ಹಾಲುಬಿಳಿ, ತುದಿಗಳಲ್ಲಿ ನವಿರಾದ ರೋಮ. ಕುಂಠಿತ ಸಸಿಯನ್ನು ಎತ್ತಿದಾಗ ಮಿಶ್ರಣ ಉದುರಿಹೋಗಿ ಕೈಯಲ್ಲಿ ಬರೀ ನೂಲಿನಂಥ ಒಂದು ಬೇರು ಉಳಿದರೆ, ಆ ಬೇರಿನ ಬಣ್ಣ, ವಾಸನೆ, ತುದಿ ಈ ಮೂರನ್ನು ನೋಡಿ. ಬಿಳಿಯಾಗಿಯೇ ಇದ್ದು ಚಿಕ್ಕದಾಗಿದ್ದರೆ ಹಸಿವು ಅಥವಾ ಚಳಿ. ತುದಿ ಮಾತ್ರ ಸುಟ್ಟಂತೆ ಕಂದಾಗಿ ಮೊಂಡಾಗಿದ್ದರೆ ಉಪ್ಪು. ಉದ್ದಕ್ಕೂ ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಎಳೆದಾಗ ಹೊರಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿದು, ಮೂಗಿಗೆ ಹಿಡಿದರೆ ಚರಂಡಿಯ ವಾಸನೆ ಬಂದರೆ ನೀರು ನಿಂತು ಬೇರು ಕೊಳೆತಿದೆ. ಗಂಟುಗಳಿದ್ದರೆ ಅದು ಬೇರೆಯೇ ಕಥೆ, ಮುಂದೆ ಹೇಳುತ್ತೇನೆ.

ಬೇರು ಗುಳಿಯ ತಳದಲ್ಲಿ ಸುರುಳಿ ಸುತ್ತಿಕೊಂಡು ದಪ್ಪನೆಯ ಚಾಪೆಯಾಗಿದ್ದರೆ ದೋಷ ಮಿಶ್ರಣದಲ್ಲಿಲ್ಲ. ಸಸಿಗೆ ವಯಸ್ಸಾಗಿದೆ, ಜಾಗ ಸಾಲುತ್ತಿಲ್ಲ. ಪ್ರೋಟ್ರೇಯಲ್ಲಿ ಹೂಕೋಸು 25ರಿಂದ 30 ದಿನಕ್ಕೆ ನಾಟಿಗೆ ಸಿದ್ಧವಾಗುತ್ತದೆ. ಮಳೆ ಬರಲಿಲ್ಲ, ಆಳು ಸಿಗಲಿಲ್ಲ ಎಂದು 40 ದಿನ ಇಟ್ಟುಕೊಂಡರೆ ಸಸಿ ತಾನಾಗಿ ನಿಲ್ಲುತ್ತದೆ.

ಉಪ್ಪು

ಕೋಕೋಪಿಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಸ್ವಾಭಾವಿಕವಾಗಿಯೇ ಹೆಚ್ಚು. ಕರಾವಳಿಯ ಸವುಳು ನೀರಿನಲ್ಲಿ ಸಿಪ್ಪೆ ನೆನೆಸಿದ್ದರೆ ಇನ್ನೂ ಹೆಚ್ಚು. ಈ ಉಪ್ಪು ಇರುವಾಗ ಮಿಶ್ರಣ ಒದ್ದೆಯಾಗಿದ್ದರೂ ಬೇರು ನೀರನ್ನು ಎಳೆದುಕೊಳ್ಳಲಾರದು. ಒದ್ದೆ ಮಣ್ಣಿನಲ್ಲಿ ಮಧ್ಯಾಹ್ನ ಬಾಡುವ ಸಸಿಯನ್ನು ಕಂಡರೆ ಹಲವರು ಇನ್ನಷ್ಟು ನೀರು ಹಾಕುವುದು ಇದೇ ಕಾರಣಕ್ಕೆ, ಮತ್ತು ಅಷ್ಟಕ್ಕಷ್ಟೇ ನೀರು ಹಾಕಿದರೆ ಉಪ್ಪು ಹೊರಗೆ ಹೋಗುವುದೂ ಇಲ್ಲ. ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ತೊಳೆಯದ ಕೋಕೋಪಿಟ್ಟಿನ ಕಣಗಳು ನಾವು ಕೊಟ್ಟ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಂಡು ಅದರ ಬದಲಿಗೆ ಪೊಟ್ಯಾಸಿಯಂ, ಸೋಡಿಯಂ ಬಿಟ್ಟುಕೊಡುತ್ತವೆ. ಗೊಬ್ಬರ ಕೊಟ್ಟರೂ ಎಳೆಯ ಎಲೆಯ ಅಂಚು ಒಳಕ್ಕೆ ಮಡಚಿ ಸುಡುವುದು ಇದರಿಂದ.

ಪರೀಕ್ಷೆ ಸುಲಭ. ಟ್ರೇಗೆ ನೀರು ಹಾಕಿ ಒಂದು ಗಂಟೆ ಬಿಟ್ಟು, ಏಳೆಂಟು ಗುಳಿಗಳ ಹೆಂಟೆಗಳನ್ನು ತೆಗೆದು ಮುಷ್ಟಿಯಲ್ಲಿ ಹಿಂಡಿ, ಬಂದ ಕಂದು ನೀರನ್ನು ಸಣ್ಣ ಲೋಟದಲ್ಲಿ ಹಿಡಿದು ಇ.ಸಿ. ಮೀಟರ್ (ನೀರಿನಲ್ಲಿ ಕರಗಿದ ಉಪ್ಪಿನ ಪ್ರಮಾಣ ತೋರಿಸುವ ಉಪಕರಣ) ಅದ್ದಬೇಕು. ಮೀಟರಿನಲ್ಲಿ ಡೆಸಿಸೀಮೆನ್ಸ್ ಅಥವಾ ಮಿಲಿಸೀಮೆನ್ಸ್ ಎಂದು ಬರುವ ಅಂಕಿ 1ರಿಂದ 2ರ ನಡುವೆ ಇದ್ದರೆ ಸಸಿಗೆ ಹಿತ. 3 ದಾಟಿದ್ದರೆ ಬೇರೇನನ್ನೂ ಹುಡುಕಬೇಡಿ. 0.5ಕ್ಕಿಂತ ಕೆಳಗಿದ್ದರೆ ಸಸಿ ಹಸಿದಿದೆ. ಟ್ರೇಗೆ ಹಾಕುವ ನೀರನ್ನೂ ಪ್ರತ್ಯೇಕವಾಗಿ ಅಳೆಯಿರಿ. ಕೊಳವೆ ಬಾವಿಯ ನೀರೇ 1.5 ತೋರಿಸುವ ಊರುಗಳಲ್ಲಿ ಮಿಶ್ರಣವನ್ನು ದೂರಿ ಪ್ರಯೋಜನವಿಲ್ಲ. ಮೀಟರ್ ಇಲ್ಲದವರು ಗುಳಿಗಳ ಮೇಲ್ಮೈ ನೋಡಲಿ: ಒಣಗಿದಾಗ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪೊರೆ ಕಾಣಿಸಿದರೆ ಉಪ್ಪಿನ ಸುಳಿವು ಅದೇ. ಕಬ್ಬಿಣದ ಅಂಶವೋ ಪಾಚಿಯೋ ಇರುವ ಹಸಿರು ಕೆಂಪು ಪೊರೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

ಉಪ್ಪು ಒಂದೇ ಕಾರಣವಾಗಿದ್ದು ಬೇರಿನ ಬುಡ ಇನ್ನೂ ಬಿಳಿಯಾಗಿದ್ದರೆ ಸಸಿಯನ್ನು ಕೂಡಲೇ ಕೀಳುವ ಅಗತ್ಯವಿಲ್ಲ. ಟ್ರೇಯನ್ನು ಎರಡು ಕಲ್ಲಿನ ಮೇಲೆ ಎತ್ತರಿಸಿ, ಒಳ್ಳೆಯ ನೀರನ್ನು ತಳದಿಂದ ಧಾರಾಳವಾಗಿ ಸೋರುವಷ್ಟು ಹಾಯಿಸಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಹಾಯಿಸಬೇಕು. ಮರುದಿನ ಹಿಂಡಿ ನೋಡಿದರೆ ಅಂಕಿ ಇಳಿದಿರುತ್ತದೆ. ಬಳಿಕ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ಬಾರಿ ಕೊಟ್ಟರೆ ಸಸಿಗೆ ಸಾರಜನಕವೂ ಕ್ಯಾಲ್ಸಿಯಂ ಕೂಡ ಒಟ್ಟಿಗೆ ಸಿಗುತ್ತವೆ. ನನ್ನ ಎರಡು ಟ್ರೇಗಳಲ್ಲಿ ಒಂದನ್ನು ಹೀಗೆ ತೊಳೆದೆ, ಇನ್ನೊಂದರ ಸಸಿಗಳನ್ನು ತೊಳೆದ ಮೇಲೆ ಹೊಸ ಮಿಶ್ರಣ ತುಂಬಿದ ಕಪ್‌ಗಳಿಗೆ ಸಾಗಿಸಿದೆ. ತೊಳೆದು ಅಲ್ಲೇ ಬಿಟ್ಟವು ಹೊಸ ಎಲೆ ತೆಗೆಯಲು ತೊಡಗಿದ್ದು ನಾಲ್ಕೈದು ದಿನ ಮುಂಚೆ; ಸಾಗಿಸಿದವು ಒಂದು ವಾರ ಸುಮ್ಮನೆ ಕೂತು ಆಮೇಲೆ ಅವನ್ನು ಹಿಂದಿಕ್ಕಿದವು. ಆ ಒಂದು ವಾರವೇ ವರ್ಗಾವಣೆಯ ಬೆಲೆ. ಬೆಲೆ ಕೊಡಲು ದಿನಗಳು ಉಳಿದಿವೆಯೇ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು.

ನೀರು ನಿಲ್ಲುವುದು

ಕೆರೆಯ ಜೇಡಿಯನ್ನೋ ಬರೀ ಕೆಂಪು ಮಣ್ಣನ್ನೋ ಸಣ್ಣ ಪಾತ್ರೆಗೆ ತುಂಬಿದವರಿಗೆ ಈ ದೋಷ ಖಾತ್ರಿ. ಹೊಲದಲ್ಲಿ ಚೆನ್ನಾಗಿ ಬಸಿಯುವ ಮಣ್ಣು ಪಾತ್ರೆಯಲ್ಲಿ ಬಸಿಯುವುದಿಲ್ಲ. ಏಕೆಂದರೆ ಹೊಲದಲ್ಲಿ ಕೆಳಗೆ ಅಡಿಗಟ್ಟಲೆ ಮಣ್ಣು ನೀರನ್ನು ಎಳೆದುಕೊಳ್ಳುತ್ತದೆ, ಪಾತ್ರೆಯಲ್ಲಿ ಮಣ್ಣು ತಳಕ್ಕೆ ಮುಗಿದುಹೋಗುತ್ತದೆ. ಪ್ರತಿ ಪಾತ್ರೆಯ ತಳದಲ್ಲೂ, ತೂತು ಎಷ್ಟೇ ಇರಲಿ, ಪೂರ್ತಿ ನೆನೆದ ಒಂದು ಪದರ ಉಳಿದೇ ಉಳಿಯುತ್ತದೆ. ಅದರ ದಪ್ಪವನ್ನು ನಿರ್ಧರಿಸುವುದು ಮಣ್ಣಿನ ಕಣದ ಗಾತ್ರ, ಪಾತ್ರೆಯ ಆಳವಲ್ಲ. ನುಣುಪು ಮಣ್ಣಾದರೆ ಆ ಪದರ ದಪ್ಪ, ತರಿಯಾದರೆ ತೆಳು. ಹೀಗಾಗಿ ಎರಡಂಗುಲ ಆಳದ ಗುಳಿಗೆ ಜೇಡಿ ತುಂಬಿದರೆ ಗುಳಿ ಪೂರ್ತಿ ಕೆಸರೇ. ತಳಕ್ಕೆ ಜಲ್ಲಿ ಹಾಕಿದರೆ ಬಸಿಯುತ್ತದೆ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ: ನೆನೆದ ಪದರ ಜಲ್ಲಿಯ ಮೇಲಕ್ಕೆ ಸರಿಯುತ್ತದೆ, ಬೇರಿಗೆ ಉಳಿಯುವ ಒಣ ಜಾಗ ಇನ್ನೂ ಕಡಿಮೆಯಾಗುತ್ತದೆ.

ಮಿಶ್ರಣ ಸರಿಯಿದ್ದೂ ನೀರು ನಿಲ್ಲುವುದುಂಟು. ಟ್ರೇಯನ್ನು ನುಣುಪಾದ ಕಡಪ ಕಲ್ಲಿನ ಮೇಲೆ ಅಥವಾ ತಾರಸಿಯ ಟೈಲ್ಸ್ ಮೇಲೆ ಚಪ್ಪಟೆಯಾಗಿ ಇಟ್ಟರೆ ತೂತುಗಳು ಮುಚ್ಚಿಹೋಗುತ್ತವೆ. ಬೆಳಿಗ್ಗೆ ನೀರು ಹಾಕಿ, ಸಂಜೆ ಟ್ರೇ ಎತ್ತಿ ನೋಡಿ. ಕೆಳಗೆ ನೀರಿನ ಚೌಕ ಗುರುತುಗಳು ಇನ್ನೂ ಹಸಿಯಾಗಿದ್ದರೆ ಉತ್ತರ ಸಿಕ್ಕಿತು. ನೀರು ಹಾಕುವ ಮುನ್ನ ಟ್ರೇಯನ್ನು ಒಂದು ಮೂಲೆಯಲ್ಲಿ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಂಡರೆ ಬೆರಳು ಅದ್ದುವುದೂ ಬೇಕಾಗುವುದಿಲ್ಲ. ಕೆಸರಾದ ಗುಳಿಗಳ ಸುತ್ತ ಚಿಕ್ಕ ಕಪ್ಪು ನೊಣಗಳು ಹಾರುತ್ತಿದ್ದರೆ ಅವು ಫಂಗಸ್ ನ್ಯಾಟ್. ಅವುಗಳ ಮರಿಹುಳುಗಳು ಎಳೆ ಬೇರನ್ನು ಮೇಯುತ್ತವೆ. ಆಲೂಗಡ್ಡೆಯ ತೆಳು ಬಿಲ್ಲೆಯನ್ನು ಮಿಶ್ರಣದ ಮೇಲೆ ಇಟ್ಟು ಎರಡು ದಿನ ಬಿಟ್ಟು ಮಗುಚಿದರೆ ಕಪ್ಪು ತಲೆಯ ಪಾರದರ್ಶಕ ಹುಳುಗಳು ಕಾಣುತ್ತವೆ. ಹಳದಿ ಅಂಟು ಹಾಳೆ ನೊಣಕ್ಕಾಯಿತು, ಮಿಶ್ರಣ ಒಣಗಿಸುವುದು ಹುಳುವಿಗೆ.

ಬೇರು ಅರ್ಧಕ್ಕಿಂತ ಹೆಚ್ಚು ಕಂದಾಗಿದ್ದರೆ ಆ ಮಿಶ್ರಣದಲ್ಲಿ ಸಸಿಯನ್ನು ಉಳಿಸುವ ಪ್ರಯತ್ನ ಬೇಡ. ವರ್ಗಾವಣೆ ನಿಜವಾಗಿ ಫಲಿಸುವುದು ಇಲ್ಲೇ.

ಹಸಿವು ಮತ್ತು ಹಸಿ ಗೊಬ್ಬರ

ಕೋಕೋಪಿಟ್ಟಿನಲ್ಲಿ ಸಸಿಗೆ ಬೇಕಾದ ಸಾರಜನಕ ಇಲ್ಲವೆಂದೇ ಹೇಳಬೇಕು. ಬೀಜದೆಲೆಯ ದಾಸ್ತಾನು ಮುಗಿಯುವವರೆಗೆ ಸಸಿ ಅದರಲ್ಲೇ ನಗುನಗುತ್ತಾ ಇರುತ್ತದೆ, ಎರಡನೆಯ ವಾರದಿಂದ ಬೀಜದೆಲೆ ಹಳದಿಯಾಗಿ ಬೆಳವಣಿಗೆ ನಿಲ್ಲುತ್ತದೆ. 19:19:19 ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 1ರಿಂದ 2 ಗ್ರಾಂನಂತೆ ವಾರಕ್ಕೊಮ್ಮೆ ಕೊಟ್ಟರೆ ಈ ದೋಷ ಟ್ರೇಯಲ್ಲೇ ಪರಿಹಾರವಾಗುತ್ತದೆ. ಇದಕ್ಕಾಗಿ ಮಣ್ಣು ಬದಲಿಸುವುದು ದುಬಾರಿ ಚಿಕಿತ್ಸೆ.

ಇದಕ್ಕೆ ತದ್ವಿರುದ್ಧವಾದ ತಪ್ಪು ಅರೆಗೊಳೆತ ಕೊಟ್ಟಿಗೆ ಗೊಬ್ಬರ. ಹಸಿ ಸಗಣಿ ಬೇರಿಗೆ ಅಮೋನಿಯಾ ಕಾರುತ್ತದೆ. ಹುಲ್ಲು, ಮರದ ಹೊಟ್ಟು ಇನ್ನೂ ಗುರುತು ಸಿಗುವಂತಿರುವ ಗೊಬ್ಬರದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಲು ಮಣ್ಣಿನ ಸಾರಜನಕವನ್ನೇ ಬಳಸಿಕೊಂಡು ಸಸಿಗೆ ಉಪವಾಸ ಹಾಕುತ್ತವೆ. ಒಂದು ಹಿಡಿ ಗೊಬ್ಬರವನ್ನು ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಇಟ್ಟು ಬಿಚ್ಚಿ: ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಬಳಸಬಹುದು, ಮೂಗು ಕಟ್ಟುವ ಘಾಟು ಬಂದರೆ ಇನ್ನೂ ಎರಡು ತಿಂಗಳು ಗುಂಡಿಯಲ್ಲಿ ಇರಲಿ.

ಮಲೆನಾಡಿನ ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಎಂಬ ಸೂಕ್ಷ್ಮ ಪೋಷಕಾಂಶ ಸಿಗದೆ ಹೂಕೋಸಿನ ಎಲೆ ನಡುನರವಷ್ಟೇ ಉಳಿದು ಚಾವಟಿಯಂತಾಗುತ್ತದೆ. ಬಯಲುಸೀಮೆಯ ಗಡಸು ನೀರಿನಿಂದ ರಸಸಾರ (ಪಿಎಚ್) 7.5 ದಾಟಿದರೆ ಹೊಸ ಎಲೆ ಬಿಳಿಚಿಕೊಳ್ಳುತ್ತದೆ. ಮಿಶ್ರಣದ ರಸಸಾರ 6ರಿಂದ 7ರೊಳಗೆ ಇದ್ದರೆ ಎರಡೂ ತಂಟೆ ಇಲ್ಲ.

ಒಳ್ಳೆಯ ಮಣ್ಣಿಗೆ ಸಾಗಿಸಲೇಬಾರದ ಸಸಿಗಳು

ಬೇರಿನಲ್ಲಿ ಸಾಸಿವೆ ಕಾಳಿನಂಥ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಬೇರು ಬೆರಳಿನಂತೆ ಊದಿಕೊಂಡು ಗದೆಯ ಆಕಾರವಾಗಿದ್ದರೆ ಕೋಸಿನ ಜಾತಿಗೇ ಬರುವ ಗದೆಬೇರು ರೋಗ. ಹುಳಿ ಮಣ್ಣಿನಲ್ಲಿ ಬೆಳೆಯುವ ಇದರ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬುಡದ ಕಾಂಡ ನೆಲದ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಕಪ್ಪಾಗಿದ್ದರೆ ಪಿಥಿಯಂ ಅಥವಾ ರೈಜೋಕ್ಟೋನಿಯಾ ಶಿಲೀಂಧ್ರ. ಈ ಮೂರರಲ್ಲಿ ಯಾವುದು ಕಂಡರೂ ಸಸಿಯನ್ನು ಒಳ್ಳೆಯ ಮಣ್ಣಿಗೆ ಸಾಗಿಸುವುದೆಂದರೆ ಒಳ್ಳೆಯ ಮಣ್ಣನ್ನು ಕೆಡಿಸಿದಂತೆ. ಸಸಿ, ಮಿಶ್ರಣ ಎರಡನ್ನೂ ಸುಟ್ಟು, ಟ್ರೇಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೊಳೆದು ಬಿಸಿಲಿಗೆ ಹಾಕಬೇಕು. ಜೀವವಿರುವ ಗಿಡವನ್ನು ಎಸೆಯಲು ಮನಸ್ಸು ಬಾರದೆ ಹಿತ್ತಲಿನ ಮೂಲೆಯಲ್ಲಿ ನೆಡುವವರೇ ಹೆಚ್ಚು. ಮುಂದಿನ ವರ್ಷ ಆ ಮೂಲೆಯಲ್ಲಿ ಬದನೆಯೂ ಬರುವುದಿಲ್ಲ.

ನಡುತುದಿಯನ್ನು ಬಿಚ್ಚಿ ನೋಡುವುದು

ಸಸಿಗೆ ನಾಲ್ಕು ವಾರ ದಾಟಿದ್ದರೆ ಇನ್ನೊಂದು ಪರೀಕ್ಷೆ ಆಗಲೇಬೇಕು. ಒಂದು ಕುಂಠಿತ ಸಸಿಯನ್ನು ತೆಗೆದುಕೊಂಡು, ಸೂಜಿಯ ಮೊನೆಯಿಂದ ನಡುವಿನ ಎಳೆ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ, ಕೊನೆಗೆ ಉಳಿಯುವ ತುದಿಯನ್ನು ಬಿಸಿಲಿನಲ್ಲಿ ಭೂತಗನ್ನಡಿಯಿಂದ ನೋಡಿ. ಹಸಿರು ಮಿಶ್ರಿತ, ನುಣುಪಾದ ಮೊನೆ, ಅದರ ಬದಿಯಲ್ಲಿ ಇನ್ನೂ ಚಿಕ್ಕ ಎಲೆಯ ಮಡಿಕೆ ಕಂಡರೆ ಗಿಡ ಇನ್ನೂ ಎಲೆ ಮಾಡುವ ಮನಸ್ಸಿನಲ್ಲಿದೆ. ರವೆ ಅಂಟಿಸಿದಂತೆ ಬೆಳ್ಳನೆಯ ಗುಡ್ಡೆ ಕಂಡರೆ ಗಡ್ಡೆ ಮೊಳೆತಾಗಿದೆ, ಆ ಟ್ರೇಯ ಮೇಲೆ ಮಣ್ಣು, ಗೊಬ್ಬರ, ದುಡಿಮೆ ಯಾವುದನ್ನೂ ಹಾಕಬೇಡಿ. ತುದಿಯೇ ಇಲ್ಲದೆ ದಪ್ಪನೆಯ ಕಡುಹಸಿರು ಎಲೆಗಳು ಮಾತ್ರ ಇದ್ದರೆ ಅದು ಕುರುಡು ಸಸಿ, ಗಡ್ಡೆ ಬರುವುದೇ ಇಲ್ಲ. ಎರಡು ಮೂರು ಸಸಿ ಬಿಡಿಸಿ ನೋಡಲು ಹತ್ತು ನಿಮಿಷ ಸಾಕು.

ಹೊಸ ಮಿಶ್ರಣ ಮತ್ತು ವರ್ಗಾವಣೆ

ತುದಿ ಹಸಿರಾಗಿದ್ದು, ದೋಷ ಮಿಶ್ರಣದ್ದೇ ಎಂದು ಖಚಿತವಾದ ಮೇಲೆ ಹೊಸ ಮಿಶ್ರಣಕ್ಕೆ ಬನ್ನಿ. ಇಂಥ ಸೊರಗಿದ ಸಸಿಗೆ ನಾನು ಬಳಸುವುದು ಎರಡು ಪಾಲು ತೊಳೆದ ಕೋಕೋಪಿಟ್, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಒಂದು ಪಾಲು ತರಿ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು). ಹತ್ತು ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಸೊರಗಿದ ಬೇರಿಗೆ ಮೊದಲು ಬೇಕಾಗಿರುವುದು ಗಾಳಿ, ಊಟ ಆಮೇಲೆ. ಆದ್ದರಿಂದ “ಶಕ್ತಿಯುತ” ಮಣ್ಣು ಎಂದು ಎರೆಗೊಬ್ಬರವನ್ನು ಅರ್ಧಕ್ಕರ್ಧ ಸುರಿಯುವುದು ಬೇಡ. ಕೋಕೋಪಿಟ್ ತೊಳೆಯುವಾಗ ಎರಡು ಮೂರು ನೀರು ಚೆಲ್ಲಿ, ಕೊನೆಯ ನೀರಿಗೆ ಲೀಟರಿಗೆ ಒಂದೆರಡು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಿಂಡಿ ಮತ್ತೊಂದು ನೀರು ಹಾಯಿಸಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುದುಗಿಸಿದ ಕೋಕೋಪಿಟ್ ತಯಾರಿಕೆಯ ವಿಧಾನವನ್ನು ರೂಪಿಸಿದೆ. ಅಂಥದ್ದು ಸಿಕ್ಕರೆ ಈ ಕೆಲಸ ಹಗುರವಾಗುತ್ತದೆ. ಮಿಶ್ರಣ ಹದವಾಗಿದೆಯೇ ಎಂದು ನೋಡಲು ಒಂದು ಹಿಡಿ ಗಟ್ಟಿಯಾಗಿ ಹಿಚುಕಿ: ಉಂಡೆ ನಿಲ್ಲಬೇಕು, ಬೆರಳು ತಾಕಿಸಿದರೆ ಒಡೆಯಬೇಕು, ನೀರು ಒಂದೆರಡು ಹನಿಗಿಂತ ಹೆಚ್ಚು ಬರಬಾರದು.

ಸಸಿಯನ್ನು ಎಲ್ಲಿಗೆ ಸಾಗಿಸಬೇಕು ಎಂಬುದು ಬೇರಿನ ಮೇಲೆ ಹೋಗುತ್ತದೆ. ಬೇರು ಬಹುತೇಕ ಬಿಳಿಯಾಗಿದ್ದು ಹೊಲವೋ ದೊಡ್ಡ ಗ್ರೋಬ್ಯಾಗೋ ಸಿದ್ಧವಿದ್ದರೆ ನೇರವಾಗಿ ಅಲ್ಲಿಗೇ ನೆಡಿ, ಏಕೆಂದರೆ ನಡುವೆ ಇನ್ನೊಂದು ಕಪ್ ಬಂದರೆ ಎರಡು ಬಾರಿ ಒಂದೊಂದು ವಾರ ಕಳೆದುಕೊಳ್ಳುತ್ತೀರಿ. ಬೇರು ಅರ್ಧ ಹೋಗಿದ್ದರೆ ಮಾತ್ರ ಮೂರಂಗುಲದ ಪಾಲಿಥೀನ್ ಚೀಲ ಅಥವಾ ತೂತು ಮಾಡಿದ ಕಾಗದದ ಕಪ್. ದೊಡ್ಡ ಚೀಲದ ನಡುವೆ ಬೇರಿಲ್ಲದ ಸಸಿ ಕೂತರೆ ಸುತ್ತಲಿನ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿದು ಉಳಿದರ್ಧ ಬೇರೂ ಕೊಳೆಯುತ್ತದೆ.

ಕೆಲಸ ಸಂಜೆ ನಾಲ್ಕೂವರೆಯ ಮೇಲೆ. ಎರಡು ಗಂಟೆ ಮುಂಚೆ ಟ್ರೇಗೆ ನೀರು ಹಾಕಿರಬೇಕು. ಒಣ ಹೆಂಟೆ ಉದುರುತ್ತದೆ, ಕೆಸರಾದದ್ದು ಹರಿಯುತ್ತದೆ. ಬಿಳಿ ಬೇರಿನ ಹೆಂಟೆಯನ್ನು ಮುಟ್ಟದೆ ಹಾಗೇ ಇಳಿಸಿ. ತಳದಲ್ಲಿ ಸುರುಳಿಯಾಗಿದ್ದರೆ ಬೆರಳ ತುದಿಯಿಂದ ಸ್ವಲ್ಪ ಸಡಿಲಿಸಿ. ಕೊಳೆತ ಬೇರಾದರೆ ಹಳೆಯ ಕೆಸರನ್ನು ನೀರಿನಲ್ಲಿ ಅಲುಗಾಡಿಸಿ ಬಿಡಿಸಿ, ಕಂದು ಭಾಗವನ್ನು ಕತ್ತರಿಯಿಂದ ತೆಗೆದು, ಟ್ರೈಕೋಡರ್ಮಾ (ಬೇರುಕೊಳೆ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ ನೆಡಿ. ಬೀಜದೆಲೆಯ ಮಟ್ಟದವರೆಗೆ ಮಣ್ಣು ಬರಬಹುದು, ನಡುತುದಿ ಮುಚ್ಚಬಾರದು. ಟೊಮೆಟೊ ಸಸಿಯನ್ನು ಹೂಳುವಂತೆ ಹೂಕೋಸನ್ನು ಹೂಳಿದರೆ ತುದಿ ಕೊಳೆತು ಕುರುಡಾಗುತ್ತದೆ.

ಹೊಲಕ್ಕೆ ನೆಟ್ಟವರು ತಪ್ಪುವುದು ಒಂದು ಜಾಗದಲ್ಲಿ. ಕೋಕೋಪಿಟ್ ಹೆಂಟೆಯ ರಂಧ್ರಗಳು ದೊಡ್ಡವು, ಸುತ್ತಲಿನ ಕೆಂಪು ಮಣ್ಣಿನವು ಸಣ್ಣವು. ಸಣ್ಣ ರಂಧ್ರ ದೊಡ್ಡದರಿಂದ ನೀರನ್ನು ಹೀರುತ್ತದೆ. ನೆಲ ತಂಪಾಗಿದ್ದರೂ ಹೆಂಟೆ ಒಣಗಿ ಬೆಂಡಿನಂತಾಗಿರುತ್ತದೆ, ಬೇರೆಲ್ಲ ಇನ್ನೂ ಅದರೊಳಗೇ ಇರುತ್ತದೆ. ಆದ್ದರಿಂದ ಮೊದಲ ಐದಾರು ದಿನ ನೀರನ್ನು ಸಾಲಿಗೆ ಬಿಟ್ಟರೆ ಸಾಲದು, ಸಸಿಯ ಬುಡಕ್ಕೇ ಒಂದೊಂದು ಲೋಟ ಹಾಕಬೇಕು. ಹೆಂಟೆಯ ಮೇಲೆ ಅರ್ಧ ಅಂಗುಲ ಮಣ್ಣು ಮುಚ್ಚಿದರೆ ಆವಿಯಾಗುವುದೂ ಕಡಿಮೆ.

ನಂತರದ ಎರಡು ವಾರ

ಮೂರು ದಿನ 50 ಶೇಕಡಾ ನೆರಳು ಪರದೆ ಸಾಕು, ಅದಕ್ಕಿಂತ ಹೆಚ್ಚು ದಿನ ಇಟ್ಟರೆ ಸಸಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಗೊಬ್ಬರ ಐದು ದಿನ ಬೇಡ. ಹಳೆಯ ಎಲೆಗಳು ಸುಧಾರಿಸುತ್ತವೆಯೇ ಎಂದು ನೋಡುತ್ತಾ ಕೂರಬೇಡಿ, ಅವು ಹಾಗೇ ಇರುತ್ತವೆ ಅಥವಾ ಉದುರುತ್ತವೆ. ನೆಟ್ಟ ದಿನ ಇದ್ದ ತುದಿಯ ಎಲೆಗೆ ಒಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ. ಅದರ ಮೇಲೆ ಬರುವ ಎಲೆಗಳಷ್ಟೇ ಲೆಕ್ಕಕ್ಕೆ. ಏಳರಿಂದ ಹತ್ತು ದಿನಕ್ಕೆ ದಾರದ ಮೇಲೆ ಒಂದು ಹೊಸ ಎಲೆ ಬಿಚ್ಚಿ, ಅದು ಕೆಳಗಿನದಕ್ಕಿಂತ ಅಗಲವಾಗಿದ್ದರೆ ಬೇರು ಹಿಡಿದಿದೆ; ಅಂದಿನಿಂದ ವಾರಕ್ಕೊಮ್ಮೆ 19:19:19 ಕೊಡುತ್ತಾ ಹೋಗಿ. ಹೂಕೋಸು ಸಾರಜನಕದ ವಿಷಯದಲ್ಲಿ ಹೊಟ್ಟೆಬಾಕ ಗಿಡ, ಈ ಹಂತದಲ್ಲಿ ಜಿಪುಣತನ ಮಾಡಿದರೆ ಇಷ್ಟೆಲ್ಲ ಪಟ್ಟ ಪಾಡು ಗುಂಡಿಗಡ್ಡೆಯಲ್ಲೇ ಮುಗಿಯುತ್ತದೆ.

ಹೊಸ ಎಲೆ ಬಂದೂ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಒಂದು ಸಸಿಯನ್ನು ಕಿತ್ತು ಬೇರು ನೋಡಿ. ಹೆಂಟೆಯಿಂದ ಹೊರಗೆ ಹೊಸ ಮಣ್ಣಿನೊಳಕ್ಕೆ ಬಿಳಿ ಬೇರು ಚಾಚಿರದಿದ್ದರೆ ಮೊದಲ ಪತ್ತೆಯೇ ತಪ್ಪಿದೆ, ಉಪ್ಪು ನೀರಿನಲ್ಲೇ ಇರಬಹುದು. ಹತ್ತು ದಿನವಾದರೂ ದಾರದ ಮೇಲೆ ಏನೂ ಬಾರದಿದ್ದರೆ ಆ ಸಸಿಗಳನ್ನು ಬಿಟ್ಟುಬಿಡಿ. ಹೊಸ ಬೀಜ ಹಾಕಿದರೆ ನಾಟಿಗೆ 25 ದಿನ. ನಿಂತ ಸಸಿಯನ್ನು ಉಪಚರಿಸಿ ಎಬ್ಬಿಸಲು ಹೆಚ್ಚು ಕಡಿಮೆ ಅಷ್ಟೇ ದಿನ ಹಿಡಿಯುತ್ತದೆ, ಅದೂ ವಯಸ್ಸಾದ ಗಿಡ. ಹಾಗಾಗಿ ಕುಂಠಿತ ಟ್ರೇಯ ಚಿಕಿತ್ಸೆಗೆ ತೊಡಗಿದ ದಿನವೇ, ಅದೇ ತೊಳೆದ ಮಿಶ್ರಣದಲ್ಲಿ ಇನ್ನೊಂದು ಟ್ರೇಗೆ ಬೀಜ ಹಾಕಿ ಪಕ್ಕದಲ್ಲಿ ಇಡಿ. ನಾನು ಹಾಗೆ ಇಟ್ಟ ಟ್ರೇಯಿಂದ ಕೊನೆಗೆ ಒಂದೂವರೆ ಸಾಲು ನೆಟ್ಟೆ. ಉಳಿದ ಸಸಿಗಳನ್ನು ಯೂರಿಯಾ ಹೇಳಿದ ನೆರೆಯವರು ಬುಟ್ಟಿ ತಂದು ಒಯ್ದರು.